ಹಿತ್ತಿಲಿನ ಬೊಡ್ಡೆ : ಸ್ವರೂಪ ಮತ್ತು ಉನ್ಮೂಲನ

ಪೀಠಿಕೆ

ಮರವನ್ನು ಕಡಿಯುವುದು ಒಂದು ಹಗಲಿನ ಕೆಲಸ. ಅದರ ಬೊಡ್ಡೆಯನ್ನು ಕೀಳುವುದು ಹಲವು ದಿನಗಳ ಕೆಲಸ. ಹಿತ್ತಿಲುಳ್ಳ ಗೃಹಸ್ಥರಿಗೆಲ್ಲ ಇದು ಅನುಭವಸಿದ್ಧವಾದ ಮಾತು. ಗಾಳಿಗೆ ಬಿದ್ದೀತೆಂದೋ, ಗೋಡೆಗೆ ತಗುಲಿತೆಂದೋ, ಹೊಸ ಕೋಣೆಯನ್ನು ಕಟ್ಟಬೇಕೆಂದೋ ಮರವನ್ನು ಕಡಿಸುತ್ತಾರೆ. ರೆಂಬೆಕೊಂಬೆಗಳು ಸೌದೆಯಾಗುತ್ತವೆ, ಕಾಂಡ ಹಲಗೆಯಾಗುತ್ತದೆ. ನೆಲಕ್ಕೆ ಕಚ್ಚಿಕೊಂಡ ಬೊಡ್ಡೆ ಮಾತ್ರ ಯಾರಿಗೂ ಬೇಡವಾಗಿ ಅಲ್ಲಿಯೇ ಉಳಿಯುತ್ತದೆ. ಮುಂಗಾರಿನ ಎರಡು ಮಳೆ ಬಿದ್ದವೆಂದರೆ ಅದರ ಅಂಚಿನಲ್ಲಿ ಎಳೆಗೆಂಪು ಚಿಗುರು ಕಾಣಿಸಿಕೊಳ್ಳುತ್ತದೆ.

ಆಗ ಉಪಾಯಗಳ ಅನ್ವೇಷಣೆ ಮೊದಲಾಗುತ್ತದೆ. ಉಪ್ಪು ಸುರಿಯಬೇಕೆಂದು ಒಬ್ಬರು, ಸೀಮೆಎಣ್ಣೆ ಹೊಯ್ದು ಸುಡಬೇಕೆಂದು ಇನ್ನೊಬ್ಬರು, ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆಸಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಇವುಗಳಲ್ಲಿ ಕೆಲವು ನಿಷ್ಫಲ, ಕೆಲವು ಅಪಾಯಕರ. ಬಾವಿಯ ನೀರು, ಮನೆಯ ಗೋಡೆ, ಕೆಲಸ ಮಾಡುವವರ ಕೈಕಾಲು, ಈ ಮೂರಕ್ಕೂ ಹಾನಿ ತಟ್ಟಬಹುದಾದ ಕಾರ್ಯವಿದು. ಆದ್ದರಿಂದ ಇದರ ಸ್ವರೂಪವನ್ನೂ ಕ್ರಮವನ್ನೂ ವಿದ್ಯಾರ್ಥಿಗಳು ಅರಿತಿರುವುದು ಉಚಿತ.

ವಿವರಣೆಯ ಸೌಕರ್ಯಕ್ಕಾಗಿ ಒಂದು ಹಿತ್ತಿಲನ್ನು ಕಲ್ಪಿಸಿಕೊಳ್ಳಬಹುದು. ಅದರ ನಡುವೆ ಒಂದು ಮೊಳ ಅಡ್ಡಳತೆಯ ಬೇವಿನ ಬೊಡ್ಡೆ. ಪೂರ್ವಕ್ಕೆ 8 ಅಡಿ ದೂರದಲ್ಲಿ ಮನೆಯ ಗೋಡೆ. ಪಶ್ಚಿಮಕ್ಕೆ 15 ಅಡಿ ದೂರದಲ್ಲಿ ಕುಡಿಯುವ ನೀರಿನ ಬಾವಿ. ಬಯಲುಸೀಮೆಯ ಊರುಗಳಲ್ಲಿ ಇಂಥ ಹಿತ್ತಿಲುಗಳು ಅಪರೂಪವಲ್ಲ.

ಶಬ್ದವಿಚಾರ

ಕಾಂಡವನ್ನು ಕಡಿದ ಮೇಲೆ ನೆಲದಲ್ಲಿ ಉಳಿಯುವ ಭಾಗಕ್ಕೆ ಕನ್ನಡದಲ್ಲಿ ಬೊಡ್ಡೆ, ಮೋಟು, ಕೊರಡು ಮೊದಲಾದ ಹೆಸರುಗಳು ಬಳಕೆಯಲ್ಲಿವೆ. ಮೇಲುನೋಟಕ್ಕೆ ಇವು ಸಮಾನಾರ್ಥಕಗಳಂತೆ ತೋರಿದರೂ ಪ್ರಯೋಗದಲ್ಲಿ ಸೂಕ್ಷ್ಮಭೇದವುಂಟು. ಬೊಡ್ಡೆಯೆಂಬುದು ಬುಡದ ದಪ್ಪ ಭಾಗ. ನಿಂತ ಮರಕ್ಕೂ ಬೊಡ್ಡೆಯಿದೆ. ಮೋಟೆಂದರೆ ತುದಿಯನ್ನು ಕಳೆದುಕೊಂಡು ಗಿಡ್ಡವಾದದ್ದು. ಕೊರಡೆಂದರೆ ಒಣಗಿ ಜೀವ ಹೋದ ಮರದ ತುಂಡು. ಜೋಳ, ಕಬ್ಬುಗಳನ್ನು ಕೊಯ್ದ ಮೇಲೆ ಹೊಲದಲ್ಲಿ ಉಳಿಯುವುದು ಕೂಳೆ. ಕಬ್ಬಿನ ಕೂಳೆ ಮತ್ತೆ ಚಿಗುರಿ ಬೆಳೆಯಾಗುವುದನ್ನು ರೈತರು ಕೂಳೆಬೆಳೆ ಎನ್ನುತ್ತಾರೆ.

ಸಂಸ್ಕೃತದಲ್ಲಿ ಮೋಟುಮರಕ್ಕೆ ಸ್ಥಾಣುವೆಂದು ಹೆಸರು. ನಿಲ್ಲು ಎಂಬ ಅರ್ಥದ ‘ಸ್ಥಾ’ ಧಾತುವಿನಿಂದ ಬಂದ ಈ ಶಬ್ದ ಅಚಲನಾದ ಶಿವನಿಗೂ ಸಲ್ಲುತ್ತದೆ. ತರ್ಕಶಾಸ್ತ್ರವನ್ನು ಓದುವವರು ಸಂಶಯವೆಂಬ ಪ್ರಕರಣದಲ್ಲಿ ಮೊದಲು ಕಾಣುವುದು ಈ ಸ್ಥಾಣುವನ್ನೇ. ಮಬ್ಬುಗತ್ತಲೆಯಲ್ಲಿ ದೂರದಲ್ಲಿ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂದು ತಿಳಿಯದಿರುವುದು ಅಲ್ಲಿನ ಪ್ರಸಿದ್ಧ ಉದಾಹರಣೆ.

ಹಿತ್ತಿಲಿನ ಬೊಡ್ಡೆಯ ವಿಷಯದಲ್ಲಿಯೂ ಒಂದು ಸಂಶಯವುಂಟು; ಆದರೆ ಅದು ಬೇರೆ ಬಗೆಯದು. ಕಣ್ಣೆದುರಿನ ಈ ವಸ್ತು ಸತ್ತದ್ದೋ, ಜೀವವುಳ್ಳದ್ದೋ? ಕೊರಡೋ, ಕೂಳೆಯೋ? ಇದನ್ನು ನಿಶ್ಚಯಿಸಿಕೊಳ್ಳದೆ ಗುದ್ದಲಿ ಹಿಡಿದವನ ಶ್ರಮದಲ್ಲಿ ಅರ್ಧ ವ್ಯರ್ಥವಾಗುತ್ತದೆ.

ಬೊಡ್ಡೆಯ ಜೀವ

ತೊಗಟೆಯನ್ನು ಚಾಕುವಿನಿಂದ ತುಸು ಕೆರೆದು ನೋಡಬೇಕು. ಒಳಪದರ ತೇವದಿಂದ ಹಸುರಾಗಿದ್ದರೆ ಬೊಡ್ಡೆ ಬದುಕಿದೆ; ಕಂದಾಗಿ ಒಣಗಿದ್ದರೆ ಅಲ್ಲಿ ಜೀವ ಹೋಗಿದೆ. ಒಂದು ಮಗ್ಗುಲು ಸತ್ತು ಇನ್ನೊಂದು ಮಗ್ಗುಲು ಬದುಕಿರುವುದೂ ಉಂಟಾದುದರಿಂದ ಸುತ್ತಲೂ ನಾಲ್ಕೈದು ಕಡೆ ಪರೀಕ್ಷಿಸುವುದು ಲೇಸು.

ಮರದ ಜೀವ ಅದರ ನಡುವಿನ ಚೇಗಿನಲ್ಲಿಲ್ಲ. ತೊಗಟೆಗೂ ಮರಕ್ಕೂ ನಡುವೆ ಇರುವ ತೆಳುವಾದ ಬೆಳವಣಿಗೆಯ ಪದರದಲ್ಲಿದೆ. ಅದರ ಸಮೀಪದಲ್ಲಿ, ತೊಗಟೆಯ ಒಳಗೆ, ಮೊಗ್ಗುಗಳು ವರ್ಷಾನುಗಟ್ಟಲೆ ಸುಪ್ತವಾಗಿ ಉಳಿದಿರುತ್ತವೆ. ಮೇಲಿನ ಕಾಂಡ ಹೋದೊಡನೆ ಅವು ಎಚ್ಚರಗೊಳ್ಳುತ್ತವೆ. ಮರವು ನಿಂತಿದ್ದಾಗ ಎಲೆಗಳು ತಯಾರಿಸಿ ಕಳುಹಿಸಿದ ಪಿಷ್ಟ ಬೇರುಗಳಲ್ಲಿ ಸಂಗ್ರಹವಾಗಿರುತ್ತದೆ. ಚಿಗುರಿಗೆ ಅದೇ ಆಹಾರ. ಬೊಡ್ಡೆಯ ಹಟಕ್ಕೆ ನೆಲದೊಳಗಿನ ಈ ಕಣಜವೇ ಮೂಲ.

ಈ ತತ್ತ್ವವನ್ನು ಅರಿತರೆ ಚಿಗುರನ್ನು ಅಡಗಿಸುವ ಉಪಾಯ ತಾನಾಗಿ ಹೊಳೆಯುತ್ತದೆ. ಚಿಗುರು ಹೊರಡುವಾಗ ಕಣಜದಿಂದ ವ್ಯಯವಾಗುತ್ತದೆ. ಎಲೆ ಬಲಿತ ಮೇಲೆ ಕಣಜಕ್ಕೆ ಮತ್ತೆ ಆದಾಯ ಬರತೊಡಗುತ್ತದೆ. ಆದುದರಿಂದ ಎಲೆ ಬಿಚ್ಚಿಕೊಂಡು ಇನ್ನೂ ಎಳೆಯದಾಗಿರುವಾಗಲೇ ಚಿಗುರನ್ನು ಬುಡದಿಂದ ಮುರಿದು ಹಾಕಬೇಕು. ಹೀಗೆ ಬಿಡದೆ ಮುರಿಯುತ್ತ ಬಂದರೆ ಕಣಜ ಬರಿದಾಗಿ ಬೊಡ್ಡೆ ಸಾಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಂದು ಮಳೆಗಾಲ ಉದಾಸೀನ ಮಾಡಿದರೆ ಉಗುರಿನಿಂದ ಹೋಗುತ್ತಿದ್ದುದಕ್ಕೆ ನಿಜವಾಗಿಯೂ ಕೊಡಲಿ ಬೇಕಾಗುತ್ತದೆ.

ಆದರೆ ಸಾಯಿಸುವುದು ಬೇರೆ, ಕೀಳುವುದು ಬೇರೆ. ಸತ್ತ ಬೊಡ್ಡೆಯೂ ವರ್ಷಗಟ್ಟಲೆ ನೆಲವನ್ನು ಬಿಡುವುದಿಲ್ಲ. ಏಕೆಂದರೆ ಹಿಡಿತವಿರುವುದು ಬೇರುಗಳಲ್ಲಿ. ಮರ ಮೇಲೆ ಎಷ್ಟೆತ್ತರವೋ ಬೇರು ಕೆಳಗೆ ಅಷ್ಟಾಳವೆಂಬ ನಂಬಿಕೆ ಜನರಲ್ಲಿದೆ, ಅದು ನಿಜವಲ್ಲ. ಹೆಚ್ಚಿನ ಮರಗಳಲ್ಲಿ ಬಹುಪಾಲು ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿಯೇ ಇದ್ದು, ಕೊಂಬೆಗಳ ಹರವನ್ನೂ ಮೀರಿ ಅಡ್ಡಲಾಗಿ ಹಬ್ಬುತ್ತವೆ. ಗುಡಾರವನ್ನು ನಾಲ್ಕೂ ಕಡೆಯ ಹಗ್ಗಗಳು ಹಿಡಿದಂತೆ ಈ ಪಕ್ಕಬೇರುಗಳು ಬೊಡ್ಡೆಯನ್ನು ಹಿಡಿದಿರುತ್ತವೆ. ಹಗ್ಗಗಳನ್ನು ಬಿಡಿಸದೆ ಗುಡಾರದ ಕಂಬವನ್ನು ಅಲುಗಿಸಿದರೆ ಫಲವೇನು?

ಜಾತಿಭೇದ

ಎಲ್ಲ ಬೊಡ್ಡೆಗಳೂ ಒಂದೇ ಬಗೆಯವಲ್ಲ. ಬೇವು, ಹೊಂಗೆ, ಹುಣಿಸೆ, ತೇಗ, ನೀಲಗಿರಿ, ಬಳ್ಳಾರಿಜಾಲಿ ಮೊದಲಾದವು ಕಡಿದಷ್ಟೂ ಚಿಗುರುವ ಜಾತಿಗೆ ಸೇರಿದವು. ಹೊಂಗೆಯಲ್ಲಿ, ಒಮ್ಮೊಮ್ಮೆ ಬೇವಿನಲ್ಲಿಯೂ, ಗಾಯಗೊಂಡ ಬೇರಿನಿಂದಲೇ ದೂರದಲ್ಲಿ ಹೊಸ ಸಸಿಗಳು ಏಳುತ್ತವೆ. ಹುಣಿಸೆಯ ಚೇಗು ಗಾಣದ ಒನಕೆಗೂ ಕೊಡತಿಗೂ ಒದಗುವಷ್ಟು ಗಟ್ಟಿ. ಅದರ ಬೊಡ್ಡೆಯ ಮೇಲೆ ಕೊಡಲಿಯ ಬಾಯಿ ಬೇಗ ಮೊಂಡಾಗುತ್ತದೆ. ನುಗ್ಗೆ, ಬೂರುಗಗಳ ಮರ ಮೆದು, ಬೇಗ ಕೊಳೆಯುತ್ತದೆ.

ತೆಂಗು, ಅಡಕೆ, ತಾಳೆ ಇವು ಏಕದಳ ಸಸ್ಯಗಳು. ಇವುಗಳ ಬೆಳವಣಿಗೆಯೆಲ್ಲ ತಲೆಯ ಸುಳಿಯಲ್ಲಿದೆ. ತಲೆ ಹೋದ ತೆಂಗಿನ ಬುಡ ಚಿಗುರಲಾರದು. ಅದಕ್ಕೆ ತಾಯಿಬೇರೂ ಇಲ್ಲ. ಆದರೂ ಅದನ್ನು ಹಾಗೆಯೇ ಕೊಳೆಯಲು ಬಿಡುವುದು ತಪ್ಪು. ಕೊಳೆತ ತೆಂಗಿನ ಬುಡ ಸುಳಿ ಕೊರೆಯುವ ದುಂಬಿಯ ಮರಿಗಳಿಗೆ ತೊಟ್ಟಿಲಾಗುತ್ತದೆ. ಅಲ್ಲಿ ಬೆಳೆದ ದುಂಬಿಗಳು ಉಳಿದ ತೆಂಗುಗಳ ಮೇಲೆ ಎರಗುತ್ತವೆ. ಅಣಬೆರೋಗದಿಂದ ಸತ್ತ ತೆಂಗು ಅಡಕೆಗಳ ಬುಡವಾದರೆ ಬೇರುಸಹಿತ ತೆಗೆದು ಸುಡಲೇಬೇಕು; ಇಲ್ಲವಾದರೆ ರೋಗ ಮಣ್ಣಿನ ಮೂಲಕ ಪಕ್ಕದ ಮರಕ್ಕೆ ದಾಟುತ್ತದೆ.

ಶ್ರೀಗಂಧದ ಕಥೆಯೇ ಬೇರೆ. ಅದರ ಎಣ್ಣೆ ಬೇರಿನಲ್ಲಿಯೂ ಬುಡದ ಚೇಗಿನಲ್ಲಿಯೂ ಅಧಿಕವಾದುದರಿಂದ ಮರವನ್ನು ಕಡಿಯದೆ ಬುಡಸಮೇತ ಕೀಳುವುದೇ ರೂಢಿ. ಬೇರೆ ಮರದಲ್ಲಿ ಪೀಡೆಯೆನಿಸುವ ಬೊಡ್ಡೆ ಗಂಧದಲ್ಲಿ ನಿಧಿಯಾಗುತ್ತದೆ. 2001ರ ಕಾನೂನು ತಿದ್ದುಪಡಿಯಿಂದ ತನ್ನ ನೆಲದಲ್ಲಿ ಬೆಳೆದವನಿಗೆ ಗಂಧದ ಮರದ ಒಡೆತನ ದೊರೆತಿದ್ದರೂ ಅದನ್ನು ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಕೀಳಬೇಕೆ, ಬಿಡಬೇಕೆ?

ನಿಂತ ಮರವನ್ನು ಕಡಿಯುವ ಮುನ್ನವೇ ಎರಡು ವಿಚಾರಗಳು ಅಗತ್ಯ. ಮೊದಲನೆಯದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕೇ ಎಂದು ತಿಳಿದುಕೊಳ್ಳುವುದು. ಎರಡನೆಯದು, ಬೊಡ್ಡೆಯನ್ನು ಕೀಳುವ ಉದ್ದೇಶವಿದ್ದರೆ ಕಾಂಡವನ್ನು ನೆಲಸಮವಾಗಿ ಕೊಯ್ಯಿಸದೆ ನಾಲ್ಕು ಅಡಿ ಎತ್ತರ ಬಿಡಿಸುವುದು. ಈ ನಾಲ್ಕು ಅಡಿಯ ಮೋಟೇ ಮುಂದೆ ಹಿಡಿದು ಅಲುಗಿಸಲು ಸನ್ನೆಕೋಲಾಗುತ್ತದೆ. ಅಂದವಾಗಿರಲೆಂದು ನೆಲಕ್ಕೆ ಸಮನಾಗಿ ಕೊಯ್ಯಿಸಿದವನು ಕಾರ್ಯದ ಮುಖ್ಯ ಸಾಧನವನ್ನೇ ಸೌದೆಗೆ ಹಾಕಿದಂತಾಯಿತು.

ಕೆಲವೆಡೆ ಬೊಡ್ಡೆಯನ್ನು ಬಿಡುವುದೇ ವಿವೇಕ. ಮಲೆನಾಡಿನ ಇಳಿಜಾರು ಹಿತ್ತಿಲಿನಲ್ಲಿ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ. ಕಿತ್ತರೆ ಮಳೆಗೆ ದರೆ ಜರಿಯಬಹುದು. ಗದಗ, ವಿಜಯಪುರ, ಕಲಬುರಗಿ ಪ್ರಾಂತಗಳ ಎರೆಮಣ್ಣಿನಲ್ಲಿ ಇನ್ನೊಂದು ಸೂಕ್ಷ್ಮವುಂಟು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಗೋಡೆಯ ಬಳಿಯ ದೊಡ್ಡ ಮರ ವರ್ಷಗಳ ಕಾಲ ಅಲ್ಲಿನ ತೇವವನ್ನು ಹೀರಿಕೊಂಡಿರುತ್ತದೆ. ಮರ ಹೋದ ಮೇಲೆ ಆ ಮಣ್ಣು ಮೆಲ್ಲಮೆಲ್ಲನೆ ತೇವಗೊಂಡು ಉಬ್ಬುವುದರಿಂದ ತಳಪಾಯ ಮೇಲೆದ್ದು ಗೋಡೆ ಬಿರಿಯುವುದುಂಟು. ಇಂಥಲ್ಲಿ ಮನೆ ಕಟ್ಟುವ ಅನುಭವಿಗಳನ್ನು ಕೇಳದೆ ಮುಂದುವರಿಯಬಾರದು. ಉದಾಹರಣೆಯ ಹಿತ್ತಿಲು ಕೆಂಪು ಮಣ್ಣಿನದೆಂದೂ, ಅಲ್ಲಿ ಒಂದು ಕೋಣೆ ಏಳಬೇಕಾಗಿದೆಯೆಂದೂ ಭಾವಿಸಿ ಮುಂದಿನ ಕ್ರಮವನ್ನು ವಿವರಿಸಲಾಗಿದೆ.

ವರ್ಜ್ಯವಾದ ಉಪಾಯಗಳು

ಉಪ್ಪು : ಬೊಡ್ಡೆಯನ್ನು ಸಾಯಿಸುವಷ್ಟು ಉಪ್ಪು ಸುರಿದರೆ ಸುತ್ತಲಿನ ಮಣ್ಣು ಸವಳಾಗುತ್ತದೆ. ಮುಂದೆ ಅಲ್ಲಿ ಸೊಪ್ಪುಸದೆಯೂ ಏಳದು. 15 ಅಡಿಯ ದೂರದಲ್ಲಿರುವ ಬಾವಿಗೂ ಅದು ಇಳಿಯುತ್ತದೆ.

ಇಂಗು, ಪಾದರಸ, ಹಳೆಯ ಎಂಜಿನ್ ಎಣ್ಣೆ : ಬೊಡ್ಡೆಗೆ ತೂತು ಕೊರೆದು ಇಂಗನ್ನಿಟ್ಟರೆ ಮರ ಒಣಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಒಣಗಿತೆಂದೇ ಇಟ್ಟುಕೊಂಡರೂ ಬೊಡ್ಡೆ ಹೋದಂತಾಗುವುದಿಲ್ಲ. ಪಾದರಸವಂತೂ ಘೋರ ವಿಷ. ಎಂಜಿನ್ ಎಣ್ಣೆಯೂ ಮಣ್ಣನ್ನು ಕೆಡಿಸಿ ಬಾವಿಯನ್ನು ಸೇರಬಲ್ಲುದು.

ಬೆಂಕಿ : ಹಸಿ ಬೊಡ್ಡೆ ಉರಿಯುವುದಿಲ್ಲ. ಒಣ ಬೊಡ್ಡೆಗೆ ಹತ್ತಿದ ಬೆಂಕಿ ಬೇರಿನ ದಾರಿ ಹಿಡಿದು ನೆಲದೊಳಗೆ ದಿನಗಟ್ಟಲೆ ಕುಮುಲುತ್ತದೆ. ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡವಿರುತ್ತದೆ. ಬೂದಿ ಮುಚ್ಚಿದ ಆ ಪೊಳ್ಳಿನ ಮೇಲೆ ಮಕ್ಕಳು ಕಾಲಿಟ್ಟರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಸೀಮೆಎಣ್ಣೆ, ಪೆಟ್ರೋಲುಗಳನ್ನು ಹೊಯ್ಯುವುದು ಕೈಯಾರೆ ಅಪಾಯವನ್ನು ಕರೆದಂತೆ.

ಟ್ರ್ಯಾಕ್ಟರು : ಬೇರು ಬಿಡಿಸದ ಬೊಡ್ಡೆಯನ್ನು ಎಳೆಯಹೋದರೆ ಸರಪಳಿ ತುಂಡಾಗಿ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಎತ್ತರಕ್ಕೆ ಕಟ್ಟಿದ್ದರೆ ಮುಂಗಾಲಿಗಳು ಮೇಲೆದ್ದು ವಾಹನ ಚಾಲಕನ ಮೇಲೆಯೇ ಮಗುಚಿಕೊಳ್ಳುತ್ತದೆ. ಅಲ್ಲದೆ ಗೋಡೆಯ ಕೆಳಗೆ ಹೋದ ಬೇರನ್ನು ಹೀಗೆ ಎಳೆದರೆ ತಳಪಾಯದ ಕಲ್ಲುಗಳೂ ಜೊತೆಗೆ ಕದಲಬಹುದು.

ಉಪಕರಣ ಮತ್ತು ಹದ

ಗುದ್ದಲಿ, ಪಿಕಾಸಿ, ಸಲಿಕೆ, ಗರಗಸ, ಕೊಡಲಿ, ಆರಡಿಯ ಎರಡು ಹಾರೆಗಳು, ನೀರಿನ ಬಿಂದಿಗೆ ಇವಿಷ್ಟು ಸಾಕು. ಕೊಡಲಿಯ ಕಾವು ಸಡಿಲವಾಗಿಲ್ಲವೆಂಬುದನ್ನು ಕೆಲಸಕ್ಕೆ ಮುನ್ನ ನೋಡಿಕೊಳ್ಳಬೇಕು. ಕೊಡಲಿ ಬೀಸುವಾಗ ಎದುರಿನಲ್ಲಿ ಯಾರೂ ನಿಲ್ಲಬಾರದು.

ಬೇಸಾಯಕ್ಕೆ ಹದವೆಂಬುದು ಹೇಗೋ ಈ ಕೆಲಸಕ್ಕೂ ಹಾಗೆ. ಬಿರುಬೇಸಗೆಯಲ್ಲಿ ಕೆಂಪು ಮಣ್ಣು ಕಲ್ಲಾಗಿರುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಗುದ್ದಲಿಗೆ ಅಂಟಿ ಬಿಡುವುದಿಲ್ಲ. ಕೆಂಪು ಮಣ್ಣಿನಲ್ಲಿ ಹಿಂದಿನ ದಿನ ಸಂಜೆ ಬೊಡ್ಡೆಯ ಸುತ್ತ ಪಾತಿ ಮಾಡಿ ನೀರು ನಿಲ್ಲಿಸಿದರೆ ಬೆಳಗಿಗೆ ಹದವಾಗಿರುತ್ತದೆ. ಎರೆಯಲ್ಲಿ ಮಳೆ ನಿಂತು, ಹೆಂಟೆ ಕೈಯಲ್ಲಿ ಪುಡಿಯಾಗುವ ಕಾಲವನ್ನು ಕಾಯಬೇಕು.

ಕೀಳುವ ಕ್ರಮ

ಮೊದಲು ಬೊಡ್ಡೆಯ ಸುತ್ತ ಎರಡು ಮೊಳ ಅಗಲಕ್ಕೆ ಕಸಕಡ್ಡಿಯನ್ನು ತೆಗೆದು ನೆಲವನ್ನು ಚೊಕ್ಕಟ ಮಾಡಬೇಕು. ಅನಂತರ ಗೋಡೆಗೆ ವಿರುದ್ಧವಾದ ಪಕ್ಕದಿಂದ ಆರಂಭಿಸಿ ಬೊಡ್ಡೆಯನ್ನು ಬಳಸಿ ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆಯನ್ನು ತೋಡಬೇಕು. ಬೇರು ಸಿಕ್ಕಿದೊಡನೆ ಕಡಿಯುವ ಆತುರ ಸಲ್ಲದು. ಮಣ್ಣು ಬಿಡಿಸಿ, ನೀರು ಹೊಯ್ದು ತೊಳೆದು, ಬೇರು ಯಾವ ಕಡೆಗೆ ಹೋಗಿದೆಯೆಂಬುದನ್ನು ಕಣ್ಣಾರೆ ಕಾಣಬೇಕು. ಮಣ್ಣು ಮೆತ್ತಿದ ಬೇರಿನ ಮೇಲೆ ಬಿದ್ದ ಕೊಡಲಿ ಕಲ್ಲುಹರಳಿಗೆ ತಗುಲಿ ಬಾಯಿ ಕಳೆದುಕೊಳ್ಳುತ್ತದೆ; ತೊಳೆದ ಬೇರಿನ ಮೇಲೆ ಅದೇ ಕೊಡಲಿ ದಿನವೆಲ್ಲ ನಡೆಯುತ್ತದೆ.

ಪ್ರತಿಯೊಂದು ಬೇರನ್ನೂ ಎರಡು ಕಡೆ ಕತ್ತರಿಸಬೇಕು: ಬೊಡ್ಡೆಯ ಬಳಿ ಒಮ್ಮೆ, ಕಾಲುವೆಯ ಹೊರ ಅಂಚಿನಲ್ಲಿ ಒಮ್ಮೆ. ನಡುವಿನ ತುಂಡನ್ನು ತೆಗೆದುಹಾಕಿದರೆ ಕೈಯಾಡಿಸಲು ತೆರಪೂ ಬೊಡ್ಡೆ ಅಲುಗಲು ಅವಕಾಶವೂ ದೊರೆಯುತ್ತವೆ. ಒಂದೇ ಕಡೆ ಕತ್ತರಿಸಿದವರು ಕೊನೆಗೆ ಆ ಮೊಂಡು ಬೇರುಗಳೇ ಅಡ್ಡವಾಗಿ ಬೊಡ್ಡೆ ಮೇಲೇಳದಿರುವುದನ್ನು ಕಾಣುತ್ತಾರೆ. ಗೋಡೆಯ ಕಡೆಗೆ ಹೋದ ಬೇರನ್ನು ಕೊಡಲಿಯಿಂದ ಬಡಿಯದೆ ಗರಗಸದಿಂದ ಕೊಯ್ದು ಉಳಿದ ಭಾಗವನ್ನು ಅಲ್ಲಿಯೇ ಬಿಡಬೇಕು. ಅದನ್ನು ಹೊರಗೆಳೆಯುವ ಹಟ ಕೂಡದು. ಆ ಪಕ್ಕದ ಕಾಲುವೆ ತಳಪಾಯಕ್ಕಿಂತ ಆಳವಾಗಲೂ ಬಾರದು. ಮಳೆಗೆ ತೆರೆದಿರಲೂ ಬಾರದು.

ಪಕ್ಕಬೇರುಗಳೆಲ್ಲ ಬಿಟ್ಟ ಮೇಲೆ ಮೋಟಿನ ತಲೆಯನ್ನು ಹಿಡಿದು ನಾಲ್ಕು ದಿಕ್ಕಿಗೂ ಅಲುಗಿಸಿ ನೋಡಬೇಕು. ಯಾವ ಕಡೆ ತಡೆಯಿದೆಯೋ ಅಲ್ಲಿ ಕಣ್ಣಿಗೆ ಬೀಳದ ಬೇರೊಂದು ಉಳಿದಿದೆಯೆಂದು ಅರ್ಥ. ಎಲ್ಲ ಕಡೆಗೂ ತುಸು ಅಲುಗಿಯೂ ಮೇಲೇಳದಿದ್ದರೆ ಹಿಡಿದಿರುವುದು ತಾಯಿಬೇರು. ಬಯಲುಸೀಮೆಯ ಬೇವಿನಲ್ಲಿ ಅದು ಆಳಕ್ಕೆ ಇಳಿದಿರುತ್ತದೆ. ಒಂದು ಮಗ್ಗುಲಲ್ಲಿ ಬೊಡ್ಡೆಯ ಅಡಿಯವರೆಗೆ ಓರೆಯಾಗಿ ತೋಡಿ, ನೆಲಮಟ್ಟದಿಂದ ಎರಡೂವರೆ ಅಡಿಯ ಸುಮಾರಿನಲ್ಲಿ ಅದನ್ನು ಕೊಯ್ಯಬೇಕು. ಕೆಳಗೆ ಉಳಿದದ್ದು ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ಅದನ್ನು ಬೆನ್ನಟ್ಟಿ ಬಾವಿ ತೋಡಬೇಕಾಗಿಲ್ಲ.

ಇನ್ನು ಉಳಿದದ್ದು ಎತ್ತುವ ಕೆಲಸ. ಪಾಠಶಾಲೆಯಲ್ಲಿ ಓದಿದ ಸನ್ನೆಕೋಲಿನ ನಿಯಮ ಇಲ್ಲಿ ಕೈಗೆ ಬರುತ್ತದೆ. ಆರಡಿಯ ಹಾರೆಯ ತುದಿಯನ್ನು ಬೊಡ್ಡೆಯ ಅಡಿಗೆ ತೂರಿಸಿ, ತುದಿಯಿಂದ ಒಂದಡಿ ದೂರದಲ್ಲಿ ಗಟ್ಟಿ ಕಲ್ಲನ್ನು ಆನಿಕೆಯಾಗಿ ಇಟ್ಟರೆ ಒಂದು ಕಡೆ 1 ಅಡಿ, ಇನ್ನೊಂದು ಕಡೆ 5 ಅಡಿ ಉಳಿಯುತ್ತದೆ. ಹಿಡಿಯ ತುದಿಯಲ್ಲಿ 20 ಕಿಲೋ ಭಾರವನ್ನು ಹೇರಿದರೆ ಬೊಡ್ಡೆಯ ಕೆಳಗೆ 100 ಕಿಲೋ ಎತ್ತುವ ಬಲ ಉಂಟಾಗುತ್ತದೆ. ಇಬ್ಬರು ಎರಡು ಹಾರೆಗಳಿಂದ ಎದುರುಬದುರಾಗಿ ಮೀಟುತ್ತ, ಎದ್ದಷ್ಟಕ್ಕೆ ಕೆಳಗೆ ಕಲ್ಲು ಕೊಡುತ್ತ ಬರಬೇಕು. ಕಲ್ಲನ್ನು ಕೋಲಿನಿಂದ ತಳ್ಳಬೇಕಲ್ಲದೆ ಕೈಯನ್ನು ಎಂದಿಗೂ ಬೊಡ್ಡೆಯ ಕೆಳಗೆ ಚಾಚಬಾರದು. ಕೊನೆಗೆ ಓರೆಯಾಗಿ ಇಟ್ಟ ಹಲಗೆಯ ಮೇಲೆ ಉರುಳಿಸಿದರೆ ಬೊಡ್ಡೆ ಹೊರಗೆ ಬರುತ್ತದೆ. ಅವಸರವಿಲ್ಲದೆ ದುಡಿಯುವ ಇಬ್ಬರಿಗೆ ಉದಾಹರಣೆಯ ಬೊಡ್ಡೆ ಮೂರು ನಾಲ್ಕು ಬೆಳಗುಗಳ ಕೆಲಸ.

ಇತರ ಮಾರ್ಗಗಳು

ಅವಸರವಿಲ್ಲದವರು ಬೊಡ್ಡೆಯನ್ನು ಕೊಳೆಯಿಸಲೂಬಹುದು. ನೆಲಮಟ್ಟದ ಕೆಳಗಿನವರೆಗೆ ತೊಗಟೆಯನ್ನು ಸುಲಿದು, ಒಂದಂಗುಲ ಅಗಲದ ಆಳವಾದ ತೂತುಗಳನ್ನು ಕೊರೆದು, ಸಗಣಿಯ ಬಗ್ಗಡವನ್ನು ತುಂಬಿ, ಮಣ್ಣು ಮುಚ್ಚಿ, ಗೋಣಿತಾಟು ಹೊದಿಸಿ ಸದಾ ತೇವವಾಗಿಡಬೇಕು. ಮರವನ್ನು ಕರಗಿಸುವವು ಶಿಲೀಂಧ್ರಗಳು. ಅವಕ್ಕೆ ಬೇಕಾದದ್ದು ತೇವ, ಗಾಳಿ ಮತ್ತು ಮರದಲ್ಲಿ ಅತ್ಯಲ್ಪವಾಗಿರುವ ಸಾರಜನಕ. ಮೆದುಮರಕ್ಕೂ ವರ್ಷಗಳು ಬೇಕು. ಬೇವು ಹುಣಿಸೆಗಳಿಗೆ ಇನ್ನೂ ದೀರ್ಘಕಾಲ. ಕೊಳೆಯುವ ಮರಕ್ಕೆ ಗೆದ್ದಲು ಬರುವುದು ಸಹಜವಾದುದರಿಂದ ಬಾಗಿಲುವಾಡಗಳ ಸಮೀಪದಲ್ಲಿ ಈ ಕ್ರಮ ಹಿತವಲ್ಲ. ಬಾವಿಯ ಮಗ್ಗುಲಲ್ಲಿ ಸಗಣಿ, ಯೂರಿಯಾಗಳನ್ನು ಸುರಿಯುವುದೂ ಯೋಗ್ಯವಲ್ಲ. ಹೀಗಾಗಿ ಉದಾಹರಣೆಯ ಹಿತ್ತಿಲಿಗೆ ಅಗೆತವೇ ಸರಿ.

ಈಗ ಜೆಸಿಬಿಯೆಂದು ಜನ ಕರೆಯುವ ಅಗೆಯುವ ಯಂತ್ರ ಎಲ್ಲೆಡೆಯೂ ದೊರೆಯುತ್ತದೆ. ಅದು ಒಳಬರಲು ಹಾದಿಯಿದ್ದರೆ ದಿನಗಳ ಕೆಲಸವನ್ನು ಬೇಗನೆ ಮುಗಿಸುತ್ತದೆ. ಆದರೆ ನೀರಿನ ಕೊಳವೆ, ಶೌಚದ ಗುಂಡಿ, ವಿದ್ಯುತ್ತಿನ ತಂತಿ ಎಲ್ಲಿವೆಯೆಂಬುದನ್ನು ಯಂತ್ರ ತಾನಾಗಿ ಅರಿಯದು. ಮನೆಯವರೇ ಗುರುತು ಹಾಕಿ ತೋರಿಸಬೇಕು.

ಗುಂಡಿಯ ಪೂರಣ

ಬೊಡ್ಡೆ ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ತೆರೆದ ಗುಂಡಿ ರಾತ್ರಿ ಓಡಾಡುವವರಿಗೂ ದನಕರುಗಳಿಗೂ ಅಪಾಯ. ಅರ್ಧ ಅಡಿಗೊಂದು ಪದರದಂತೆ ಮಣ್ಣು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹಾಕುತ್ತ ಮೇಲಕ್ಕೆ ಬರಬೇಕು. ಬೇರಿನ ತುಂಡು, ಚಕ್ಕೆಗಳನ್ನು ಗುಂಡಿಗೆ ಸೇರಿಸಿದರೆ ಅವು ಕೊಳೆತು ನೆಲ ಕುಸಿಯುತ್ತದೆ. ಕೋಣೆ ಕಟ್ಟುವುದಾದರೆ ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಪಾಯ ಹಾಕದೆ ಗಟ್ಟಿನೆಲದವರೆಗೆ ಇಳಿಯಬೇಕು. ಮುಂದಿನ ಒಂದು ವರ್ಷ ಸುತ್ತಲಿನ ನೆಲದ ಮೇಲೆ ಕಣ್ಣಿರಬೇಕು. ಉಳಿದ ಬೇರಿನಿಂದ ಸಸಿ ಎದ್ದರೆ ಎಳೆಯದಾಗಿರುವಾಗಲೇ ಕಿತ್ತುಹಾಕಬೇಕು.

ಉಪಸಂಹಾರ

ಬೊಡ್ಡೆಯ ಬಲ ಕಾಣುವ ಭಾಗದಲ್ಲಿಲ್ಲ, ಕಾಣದ ಬೇರಿನಲ್ಲಿದೆ. ಮೇಲೆ ಬಿದ್ದ ಕೊಡಲಿಯ ಪೆಟ್ಟುಗಳೆಲ್ಲ ವ್ಯರ್ಥವಾದ ಕಡೆ, ಬೇರನ್ನು ಒಂದೊಂದಾಗಿ ತೊಳೆದು ನೋಡಿ ಬಿಡಿಸಿದ ಎರಡು ಕೈಗಳು ಗೆಲ್ಲುತ್ತವೆ. ಉನ್ಮೂಲನವೆಂಬ ಶಬ್ದದಲ್ಲಿಯೇ ಮೂಲವಿದೆ. ಮೂಲವನ್ನು ಅರಿಯದೆ ಉನ್ಮೂಲನ ಸಾಧ್ಯವಿಲ್ಲ.

ಇಷ್ಟೆಲ್ಲ ಶ್ರಮಕ್ಕೆ ಕಾರಣವೇನೆಂದು ಹಿಂದಿರುಗಿ ನೋಡಿದರೆ, ಎಷ್ಟೋ ವರ್ಷಗಳ ಹಿಂದೆ ಯಾರೋ ಒಬ್ಬರು ಒಂದು ಗೇಣು ಎತ್ತರದ ಬೇವಿನ ಸಸಿಯನ್ನು ಗೋಡೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ನೆಟ್ಟದ್ದು ಕಾಣುತ್ತದೆ. ಅಂದು ಇನ್ನೂ ಹತ್ತು ಹೆಜ್ಜೆ ಆಚೆಗೆ ನಡೆದು ನೆಟ್ಟಿದ್ದರೆ ಮರವೂ ಉಳಿಯುತ್ತಿತ್ತು, ಗೋಡೆಯೂ ಉಳಿಯುತ್ತಿತ್ತು. ಬೊಡ್ಡೆಯನ್ನು ಕಿತ್ತ ಗೃಹಸ್ಥನು ಕಡಿದ ಮರಕ್ಕೆ ಬದಲಾಗಿ ಇನ್ನೊಂದು ಸಸಿಯನ್ನು ನೆಡುವುದು ಧರ್ಮ. ನೆಡುವ ಮುನ್ನ ಆ ಹತ್ತು ಹೆಜ್ಜೆಗಳನ್ನು ಎಣಿಸಿ ನಡೆಯುವುದು ವಿವೇಕ.